ಬಾಣೆ ಕಾಫಿಗೆ ಹೋಯಿತು, ಗದ್ದೆ ಚೀಲದ ಗೊಬ್ಬರಕ್ಕೆ ಬಿತ್ತು

2024-25ರಲ್ಲಿ ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಅಂಥ ಹೊತ್ತಿನಲ್ಲಿ ಮಣ್ಣಿನ ಮಾತೆತ್ತಿದರೆ ಯಾರು ಕೇಳ್ತಾರೆ? ಆದರೂ ಎತ್ತಬೇಕಾಗಿದೆ.

ವಿರಾಜಪೇಟೆ-ಗೋಣಿಕೊಪ್ಪಲು ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಬಿಟ್ಟಂಗಾಲದ ಆಸುಪಾಸು ಗೊತ್ತೇ ಇದೆ. ದಿಣ್ಣೆಯ ಮೇಲೆ ಕಾಫಿ, ತಗ್ಗಿನಲ್ಲಿ ಗದ್ದೆ. ದಿಣ್ಣೆಗೂ ಗದ್ದೆಗೂ ಒಂದು ಹಳೆಯ ಸಂಬಂಧವಿತ್ತು. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಪ್ರಕಾರ ಬಾಣೆ ಅಂದರೆ ಗದ್ದೆಯ ಸೇವೆಗೆಂದು ಕಂದಾಯವಿಲ್ಲದೆ ಬಿಟ್ಟುಕೊಟ್ಟ ಕಾಡುಜಾಗ. ದನ ಮೇಯಲಿಕ್ಕೆ, ಸೌದೆಗೆ, ಗದ್ದೆಗೆ ಸೊಪ್ಪು ತರಲಿಕ್ಕೆ. ಗದ್ದೆಯ ಗೊಬ್ಬರ ಎಲ್ಲಿಂದ ಬರಬೇಕೆಂದು ಸರಕಾರವೇ ಕಾನೂನಿನಲ್ಲಿ ಬರೆದಿಟ್ಟಿತ್ತು, ನೋಡಿ! ಬಾಣೆಯ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರ ಗುಂಡಿಗೆ, ಅಲ್ಲಿಂದ ಗದ್ದೆಗೆ.

ಬರಬರುತ್ತಾ ಬಾಣೆಗಳು ಕಾಫಿ ತೋಟವಾದವು. ಭತ್ತದ ಖರ್ಚು-ಹುಟ್ಟುವಳಿ ಲೆಕ್ಕ ಹಾಕಿದವರು ಅದನ್ನು ತಪ್ಪೆನ್ನಲಾರರು. ಕೊಟ್ಟಿಗೆಯ ದನಗಳೂ ಕರಗಿದವು. ಗದ್ದೆಗೆ ಉಳಿದದ್ದು ಚೀಲದ ಗೊಬ್ಬರ. ಜಿಲ್ಲೆಯಲ್ಲಿ ಕೆಲವರು ಗದ್ದೆ ಪಾಳು ಬಿಟ್ಟರು, ಕೆಲವರು ಶುಂಠಿಗೆ ಗುತ್ತಿಗೆ ಕೊಟ್ಟರು. ಗುತ್ತಿಗೆಯವನು ಒಂದು ಬೆಳೆಗೆ ಬರುವವ. ಔಷಧಿ ಹೊಡೆದು, ಗಡ್ಡೆ ಕಿತ್ತು, ಲಾರಿಗೆ ತುಂಬಿದರೆ ಅವನ ಕೆಲಸ ಮುಗೀತು. ಮುಂದಿನ ವರ್ಷದ ಮಣ್ಣಿನ ಚಿಂತೆ ಅವನಿಗ್ಯಾಕೆ?

ಇನ್ನು ನಮ್ಮ ಮಳೆ. ಕಕ್ಕಡದ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ಯುತ್ತದೆ, ಮಣ್ಣು ಹುಳಿಯಾಗುತ್ತದೆ. ಯೂರಿಯಾ ಸುರಿದಷ್ಟೂ ಆ ಹುಳಿ ಹೆಚ್ಚು. ಹುಳಿ ಮಣ್ಣಿಗೆ ರಂಜಕದ ಗೊಬ್ಬರ ಹಾಕಿದರೆ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಗಿಡಕ್ಕೆ ಸಿಗುವುದು ಅಲ್ಪ. ಅಂದರೆ ರೊಕ್ಕ ಕೊಟ್ಟು ತಂದ ಚೀಲದ ಒಂದು ಪಾಲು ಮಣ್ಣಿನೊಳಗೇ ಬೀಗ ಜಡಿದುಕೊಂಡು ಕೂರುತ್ತದೆ. ಕಾಫಿಗೆ ಹಿತವಾದ ರಸಸಾರ 6ರಿಂದ 6.5. ಅದನ್ನು ನೋಡುವುದು ಬಿಟ್ಟು "ಪಕ್ಕದ ತೋಟದವ್ರು ಎಷ್ಟು ಹಾಕಿದ್ರು?" ಅಂತ ಕೇಳಿ ಚೀಲ ಇಳಿಸುವುದು ಯಾವ ಲೆಕ್ಕಾಚಾರ?

ಮಾಡಬೇಕಾದ್ದು ಹೊಸತೇನಲ್ಲ. ಮೊದಲು ಸುಣ್ಣ, ಕೆಲವು ವಾರ ಬಿಟ್ಟು ಗೊಬ್ಬರ. ಮರಗಸಿಯ ಹಾಲುವಾಣದ ಸೊಪ್ಪು ಗಿಡದ ಬುಡಕ್ಕೆ. ಕಾಫಿ ಸಿಪ್ಪೆ ಗೊಬ್ಬರದ ಗುಂಡಿಗೆ. ಗದ್ದೆಗೆ ನಾಟಿಗೆ ಮುಂಚೆ ಡಯಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಉತ್ತು ಸೇರಿಸಿದರೆ ಬಾಣೆಯ ಸೊಪ್ಪಿನ ಕೊರತೆ ತಕ್ಕಮಟ್ಟಿಗೆ ನೀಗುತ್ತದೆ. ಪೇಟೆಯವರು ಇದಕ್ಕೀಗ 'ಪುನಶ್ಚೇತನ ಕೃಷಿ' ಎಂದು ಹೆಸರಿಟ್ಟಿದ್ದಾರೆ. 2030ರೊಳಗೆ ಇಂಥ ಕಾಫಿ ಬೇಸಾಯಕ್ಕೆ ನೂರು ಕೋಟಿ ಸ್ವಿಸ್ ಫ್ರಾಂಕಿಗೂ ಮೀರಿ ಹಣ ಹೂಡುವುದಾಗಿ ನೆಸ್ಲೆ ಕಂಪೆನಿ 2022ರಲ್ಲಿ ಸಾರಿತು. ನಮ್ಮಜ್ಜಂದಿರು ಪುಕ್ಕಟೆ ಮಾಡುತ್ತಿದ್ದ ಕೆಲಸ!

ಅಂಗಡಿಯವರಿಗೆ ಇದರಲ್ಲೇನು ಅಂತೀರಾ? ಮಳೆಗಾಲದಲ್ಲಿ ನೀರು ನಿಂತ ಗದ್ದೆಯೇ ಬೇಸಿಗೆಯಲ್ಲಿ ಬಾವಿಗೆ ಆಧಾರ. ಬೆಳೆಗಾರನ ದುಡ್ಡು ಗೊಬ್ಬರದಲ್ಲೇ ಕರಗಿದರೆ ಹುತ್ತರಿಗೆ ಬಟ್ಟೆ ಅಂಗಡಿ ಮೆಟ್ಟಿಲು ಹತ್ತುವವರ್ಯಾರು?

ಮಣ್ಣು ಆರೋಗ್ಯ ಚೀಟಿ 2015ರಲ್ಲೇ ಬಂತು. ಬೀರುವಿನಲ್ಲಿಟ್ಟರೆ ಅದು ಬರೀ ಕಾಗದ. ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ. ನಾಲ್ಕಾರು ಕಡೆ ಒಂಬತ್ತು ಅಂಗುಲ ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕಟ್ಟಿಕೊಂಡು ಹೋದರೆ ಸಾಕು. ಗೊಬ್ಬರ ಹಾಕುವ ಮುಂಚೆ ತೆಗೀಬೇಕು. ಹಾಕಿದ ಮೇಲೆ ತೆಗೆದ ಮಣ್ಣಿನ ಲೆಕ್ಕ ನಂಬುವಂತಿಲ್ಲ.