ಸತ್ತದ್ದು ಕಂಪ್ಯೂಟರ್ ಅಲ್ಲ

"ತಮ್ಮಾ, ಇದು ಸತ್ತೈತಿ. ಗುಜರಿಗೆ ಹಾಕಿಬಿಡು."

ಮಸಗುಪ್ಪಿಯ ನಮ್ಮ ಮನೆಯ ಅಟ್ಟದಿಂದ ಇಳಿಸಿದ ಕಾಕಾನ ಪೆಂಟಿಯಂ-4 ಕಂಪ್ಯೂಟರನ್ನು ಕಂಡು ರಿಪೇರಿಯವನು ಹೇಳಿದ ಮಾತಿದು. ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ನನ್ನ ತಕರಾರು ಅವನೊಬ್ಬನ ಮೇಲಲ್ಲ. ನಾಡಿ ಹಿಡಿಯದೆ ಸಾವು ಸಾರುವ ನಮ್ಮೆಲ್ಲರ ಚಾಳಿಯ ಮೇಲೆ.

ಆ ಡಬ್ಬಿಯೊಳಗೆ ಇದ್ದದ್ದು ಕಾಕಾ ಓಣಿ ಓಣಿ ತಿರುಗಿ ಬರೆದುಕೊಂಡು, 'ನುಡಿ'ಯಲ್ಲಿ ಟೈಪು ಮಾಡಿಟ್ಟ ಬೀಸುವ ಪದಗಳು. ಕಾಕಾ ಈಗಿಲ್ಲ. ಹಾಡಿದ ಅಜ್ಜಿಯರಲ್ಲಿ ಉಳಿದವರು ಇಬ್ಬರು. ಕೈಬರಹದ ವಹಿಗಳು 2019ರ ಘಟಪ್ರಭೆಯ ಮಹಾಪೂರದಲ್ಲಿ ಹೋದವು.

ಬಟನ್ ಒತ್ತಿದರೆ ಫ್ಯಾನು ತಿರುಗುತ್ತಿತ್ತು. ಪರದೆ ಕಪ್ಪು. ಉದ್ದನೆಯ ಬೀಪ್ ಮತ್ತೆ ಮತ್ತೆ. ಹಳೆಯ ಎಷ್ಟೋ ಯಂತ್ರಗಳಲ್ಲಿ ಈ ಕೂಗಿಗೆ 'ನನ್ನ ರ‍್ಯಾಮ್ ಸಿಗುತ್ತಿಲ್ಲ' ಎಂದರ್ಥ. ಸತ್ತವರು ಕೂಗುವುದಿಲ್ಲ. ವೈರು ಕಿತ್ತು, ರ‍್ಯಾಮ್ ಪಟ್ಟಿ ಹೊರತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದೆ. ಪರದೆ ಬೆಳಗಿತು. ಆದರೆ ತಾರೀಖು ಹಿಂದಕ್ಕೆ ಹೋಗಿತ್ತು, ಸೆಟ್ಟಿಂಗುಗಳು ಅಳಿಸಿದ್ದವು. ಮದರ್‌ಬೋರ್ಡಿನ ಮೇಲಿನ 3 ವೋಲ್ಟಿನ ಸಿಆರ್2032 ಸೆಲ್ಲು ಬರಿದಾಗಿತ್ತು. ಗೋಕಾಕದಿಂದ ಹೊಸ ಸೆಲ್ಲು ತಂದು ಹಾಕಿ, ಬಯಾಸ್‌ನಲ್ಲಿ ಹಾರ್ಡ್ ಡಿಸ್ಕನ್ನು ಮತ್ತೆ ತೋರಿಸಿಕೊಟ್ಟೆ. ವಿಂಡೋಸ್ ಎಕ್ಸ್‌ಪಿ ಎದ್ದು ಕುಂತಿತು.

ಇಷ್ಟಕ್ಕೇ ಗೆದ್ದೆನೆಂದು ಬೀಗಿದೆ. ಕಡತಗಳನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ! ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದ್ದವು. ಫಾಂಟು ಇಲ್ಲದಿದ್ದರೆ ಕನ್ನಡವೂ ಇಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಮ್ಮ ಬರಹಗಳು ಅಲ್ಲಿಗೆ ಬರಲು ಬಹಳ ತಡಮಾಡಿದವು. ಪರಿವರ್ತಕ ತಂತ್ರಾಂಶಗಳೇನೋ ಇವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪುತ್ತವೆ. ತಿದ್ದಲು ಪದ ಬಲ್ಲವರೇ ಬೇಕು. ಆ ಇಬ್ಬರು ಅಜ್ಜಿಯರು ಇರುವಾಗಲೇ ಬೇಕು.

'ಹಳೆಯ ಡಬ್ಬಿಗೆ ಯಾಕಿಷ್ಟು ಪ್ರೀತಿ?' ಎಂದು ಗೆಳೆಯರು ನಗುತ್ತಾರೆ. ಡಬ್ಬಿಯ ಮೇಲೆ ನನಗೆ ಪ್ರೀತಿಯಿಲ್ಲ. ಮದರ್‌ಬೋರ್ಡ್ ನಿಜವಾಗಿ ಸುಟ್ಟಿದ್ದರೆ ಗುಜರಿಗೆ ಹೋಗಲಿ. ಆದರೆ ಯಂತ್ರ ಸತ್ತರೂ ಡಿಸ್ಕು ಬದುಕಿರಬಹುದು; ಅದನ್ನು ಬಿಚ್ಚಿ, ಅಡಾಪ್ಟರ್ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಅಷ್ಟನ್ನೂ ಮಾಡದೆ ಎಸೆಯುವುದು ಸೋಮಾರಿತನ.

ಇಲ್ಲೇ ನಮ್ಮ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ನಮ್ಮವರೆಗೆ ಬಂದದ್ದು ಒಂದು ತಲೆಮಾರು ಇನ್ನೊಂದಕ್ಕೆ ದಾಟಿಸಿದ್ದರಿಂದ. ಅವರ ಬಳಿ ವಿದ್ಯುತ್ತೂ ಇರಲಿಲ್ಲ. ನಮ್ಮ ಬಳಿ ಎಲ್ಲವೂ ಇದೆ. ಆದರೂ ನವೆಂಬರಿನಲ್ಲಿ ಕನ್ನಡ ಉಳಿಸಲು ಭಾಷಣ ಮಾಡಿ, ಡಿಸೆಂಬರಿನಲ್ಲಿ ಕನ್ನಡ ತುಂಬಿದ ಡಿಸ್ಕನ್ನು ಕೇಜಿ ಲೆಕ್ಕದಲ್ಲಿ ಮಾರುತ್ತೇವೆ.

ಜಾನಪದ ಓದುವ ವಿದ್ಯಾರ್ಥಿಗಳೇ, ನಿಮ್ಮ ಊರಿನಲ್ಲೂ ಒಬ್ಬ ಕಾಕಾ ಇದ್ದಿರಬಹುದು. ರಜೆಗೆ ಹೋದಾಗ ಒಂದು ಸ್ಕ್ರೂಡ್ರೈವರ್, ಒಂದು ರಬ್ಬರು, ಒಂದು ಸೆಲ್ಲು ಒಯ್ಯಿರಿ. ಗುಜರಿಯವನು ನಿಮಗಿಂತ ಮೊದಲು ಬಾರದಿರಲಿ.