ಕುರಾಶಿಕಿಯ ಸೆಲ್ಫಿ, ಕುಮಟಾದ ಹತ್ತಿ

ಆಫೀಸಿನ ಗೆಳೆಯರು ಜಪಾನಿನ ಕುರಾಶಿಕಿಗೆ ಹೋಗಿಬಂದು ಫೋಟೋಗಳ ಮಳೆ ಸುರಿಸಿದ್ದಾರೆ. ಕಾಲುವೆ, ಬಿಳಿಗೋಡೆಯ ಉಗ್ರಾಣಗಳು, 1888ರಲ್ಲಿ ಹುಟ್ಟಿದ ಕಂಪನಿಯ ನೂಲಿನ ಗಿರಣಿ ಈಗ ಹೋಟೆಲು. ಚೆಂದವೇ, ತಕರಾರಿಲ್ಲ. ಆದರೆ ಇದೇ ಪುಣ್ಯಾತ್ಮರು ಗೋಕರ್ಣಕ್ಕೆ ಹೋಗುವಾಗ ಕುಮಟಾದಲ್ಲಿ ಕಾರಿನ ಗಾಜೂ ಇಳಿಸುವುದಿಲ್ಲ!

ನಮ್ಮ ತ್ಯಾಗಲಿಯಿಂದ ಘಟ್ಟ ಇಳಿದರೆ ಕುಮಟಾ. ಧಾರವಾಡ ಸೀಮೆಯ ಹತ್ತಿ ಗಾಡಿಯೇರಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಇಲ್ಲಿಂದ ಹಾಯಿಹಡಗಿನಲ್ಲಿ ಮುಂಬೈಗೆ ಹೋಗುತ್ತಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರಿಗೆ ಅಲ್ಲಿನ ಹತ್ತಿ ತಪ್ಪಿದ ಮೇಲಂತೂ ಕೇಳುವುದೇ ಬೇಡ. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮಾರುಕಟ್ಟೆಯಲ್ಲಿ ಅದರ ಹೆಸರು 'ಕುಮಟಾ' ಹತ್ತಿ. ಯೆಮನ್ನಿನ ಬಂದರಿನಿಂದ ಕಾಫಿಗೆ ಮೋಕಾ ಅಂತ ಹೆಸರು ಬಂತಲ್ಲ, ಹಾಗೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋದದ್ದರ ಹಿಂದೆಯೂ ಹತ್ತಿಯವರ ಒತ್ತಡವಿತ್ತು. ಆಮೇಲೆ 1880ರ ದಶಕದಲ್ಲಿ ರೈಲು ಮರ್ಮಗೋವಾದ ಕಡೆ ತಿರುಗಿತು, ವ್ಯಾಪಾರವೂ ಅದರ ಬೆನ್ನು ಹತ್ತಿತು.

'ಅಲ್ಲಿ ನೋಡೋಕೆ ಏನಿದೆ ಮಾರಾಯ' ಅಂತೀರಿ. ನನ್ನ ಜಗಳವೇ ಅದು. ಕುರಾಶಿಕಿಯವರು ಗಿರಣಿ ಕೆಡವದೆ ಬಳಸಿಕೊಂಡರು. ನಾವು ಒಂದಿಡೀ ಊರನ್ನೇ ಬೀಚಿನ ದಾರಿ ಮಾಡಿಕೊಂಡೆವು. ಮುಂದಿನ ಲಾಂಗ್ ವೀಕೆಂಡಿನಲ್ಲಿ ಅರ್ಧ ದಿನ ಕುಮಟಾಕ್ಕೆ ಕೊಡಿ. ಪೇಟೆಯಲ್ಲಿ ಹತ್ತಿ ಎಲ್ಲಿ ಇಳೀತಿತ್ತು ಅಂತ ಹಳಬರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ನೆಟ್ಟಗೆ ಪುರಸಭೆಗೇ ಹೋಗಿ ಕೇಳಿ.