ಪ್ರೈಮರಿಯಲ್ಲಿ ಸೋತವರ ಮತ ಯಾರ ಸ್ವತ್ತೂ ಅಲ್ಲ
ಅಮೆರಿಕದ ಕನ್ನಡಿಗ ಮತದಾರರಲ್ಲಿ ಒಂದು ಮನವಿ



ಕರ್ನಾಟಕದಲ್ಲಿ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವುದು ಹೈಕಮಾಂಡ್. ಅಮೆರಿಕದಲ್ಲಿ ಅದನ್ನು ತೀರ್ಮಾನಿಸುವವರು ಪ್ರೈಮರಿಯಲ್ಲಿ ಮತ ಹಾಕುವ ಜನ. ಆದ್ದರಿಂದ ಅಭ್ಯರ್ಥಿ ಸೋತರೆ ಆ ಸೋಲು ಅವರನ್ನು ನೆಚ್ಚಿದ ಜನರಿಗೂ ತಟ್ಟುತ್ತದೆ. ತಿಂಗಳುಗಟ್ಟಲೆ ಮನೆಮನೆ ತಿರುಗಿ, ಕೈಲಾದಷ್ಟು ದೇಣಿಗೆ ಕೊಟ್ಟು ಯಾರ ವಿರುದ್ಧ ದುಡಿದಿದ್ದರೋ, ನವೆಂಬರಿನಲ್ಲಿ ಅವರಿಗೇ ಮತ ಹಾಕಬೇಕಾದ ಇಕ್ಕಟ್ಟು ಎದುರಾಗುತ್ತದೆ. ಆಗ ಎರಡು ಮಾತು ಕಿವಿಗೆ ಬೀಳುತ್ತವೆ. ಗೆದ್ದ ಬಣದವರು, ‘ಇನ್ನು ತುಟಿ ಪಿಟಕ್ಕೆನ್ನದೆ ಮತ ಹಾಕಿ, ಇಲ್ಲವಾದರೆ ನೀವು ಪಕ್ಷದ್ರೋಹಿಗಳು’ ಎನ್ನುತ್ತಾರೆ. ಸೋತ ಬಣದ ಕೆಲವರು, ‘ಈ ಸಲ ಸೋಲಲಿ, ಆಗ ಬುದ್ಧಿ ಬರುತ್ತದೆ’ ಎನ್ನುತ್ತಾರೆ. ಎರಡೂ ತಪ್ಪು ಎಂಬುದು ಈ ಕರಪತ್ರದ ವಾದ. ನಿಮ್ಮ ಮತ ಗೆದ್ದವರಿಗೆ ಸಲ್ಲಬೇಕಾದ ಕಪ್ಪವಲ್ಲ. ಅದಕ್ಕೆ ಬೆಲೆ ಕೇಳುವ ಹಕ್ಕು ನಿಮಗಿದೆ. ಆದರೆ ಬೆಲೆ ಕೇಳುವ ಕಾಲ ಪ್ರೈಮರಿ ಮುಗಿದಂದಿನಿಂದ ಪಕ್ಷದ ಸಮಾವೇಶದವರೆಗೆ. ನವೆಂಬರಿನ ಮತಪತ್ರ ಕೈಗೆ ಬಂದಾಗ ಆ ಚೌಕಾಸಿ ಮುಗಿದಿರಬೇಕು.

ಮೊದಲು 2008ರ ಉದಾಹರಣೆ ನೋಡಿ. ಹಿಲರಿ ಕ್ಲಿಂಟನ್ ಮತ್ತು ಬರಾಕ್ ಒಬಾಮ ಇಬ್ಬರಿಗೂ ಪ್ರೈಮರಿಯಲ್ಲಿ ಹೆಚ್ಚುಕಡಿಮೆ ಸಮಸಮವಾಗಿ, ಸುಮಾರು 1.8 ಕೋಟಿಯಂತೆ ಮತ ಬಿದ್ದವು. ಆ ಮಾರ್ಚಿನ ಗ್ಯಾಲಪ್ ಸಮೀಕ್ಷೆಯಲ್ಲಿ ಕ್ಲಿಂಟನ್ ಬೆಂಬಲಿಗರಲ್ಲಿ ಶೇ. 28 ಮಂದಿ, ಒಬಾಮ ಅಭ್ಯರ್ಥಿಯಾದರೆ ರಿಪಬ್ಲಿಕನ್ ಜಾನ್ ಮೆಕೇನ್‌ಗೆ ಮತ ಹಾಕುವುದಾಗಿ ಹೇಳಿದ್ದರು. ಒಬಾಮ ಬೆಂಬಲಿಗರಲ್ಲಿ ಕ್ಲಿಂಟನ್ ವಿರುದ್ಧ ಅದೇ ಮಾತು ಹೇಳಿದವರು ಶೇ. 19. ಜೂನ್ 7ರಂದು ಕ್ಲಿಂಟನ್ ಕಣದಿಂದ ಸರಿದು ಒಬಾಮಗೆ ಬೆಂಬಲ ಸಾರಿದರು. ಆಗಸ್ಟಿನಲ್ಲಿ ಡೆನ್ವರ್ ಸಮಾವೇಶದಲ್ಲಿ ಮತ ಎಣಿಕೆ ನಡುವೆಯೇ ನಿಲ್ಲಿಸಿ ಒಬಾಮರನ್ನು ಒಮ್ಮತದಿಂದ ಆರಿಸುವಂತೆ ತಾವೇ ಸೂಚಿಸಿದರು. ನವೆಂಬರಿನ ಮತಗಟ್ಟೆ ಸಮೀಕ್ಷೆಯ ಪ್ರಕಾರ, ಕ್ಲಿಂಟನ್ ಬೇಕೆಂದಿದ್ದ ಡೆಮಾಕ್ರಟರಲ್ಲಿ ಮೆಕೇನ್ ಕಡೆ ಹೋದವರು ಸುಮಾರು ಆರರಲ್ಲಿ ಒಬ್ಬರು. ಒಬಾಮ ಶೇ. 52.9 ಮತ ಪಡೆದು ಗೆದ್ದರು. ವಸಂತದಲ್ಲಿ ಕುದಿದ ಸಿಟ್ಟು ಶರತ್ಕಾಲಕ್ಕೆ ತಣಿಯುತ್ತದೆ. ಆದರೆ ಅದು ತಾನಾಗಿ ತಣಿದಿದ್ದಲ್ಲ, ಎರಡೂ ಕಡೆಯವರು ಕೆಲಸ ಮಾಡಿ ತಣಿಸಿದ್ದು.

2016ರ ಕಥೆ ಇದಕ್ಕೆ ವಿರುದ್ಧ ಎಂದು ಹಲವರು ನಂಬಿದ್ದಾರೆ. ಆ ವರ್ಷ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಿಲರಿ ಕ್ಲಿಂಟನ್ ಎದುರು ಸೋತ ಬರ್ನಿ ಸ್ಯಾಂಡರ್ಸ್ ಅವರ ಬೆಂಬಲಿಗರೇ ಟ್ರಂಪ್‌ರನ್ನು ಗೆಲ್ಲಿಸಿದರು ಎಂಬ ಆರೋಪ ಇಂದಿಗೂ ಕೇಳುತ್ತದೆ. ಲೆಕ್ಕ ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತದೆ. ಹಲವು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಸಿಸಿಇಎಸ್ ಸಮೀಕ್ಷೆಯ ಪ್ರಕಾರ ಪ್ರೈಮರಿಯಲ್ಲಿ ಸ್ಯಾಂಡರ್ಸ್‌ಗೆ ಮತ ಹಾಕಿದವರಲ್ಲಿ ಸುಮಾರು ಶೇ. 12 ಮಂದಿ ನವೆಂಬರಿನಲ್ಲಿ ಟ್ರಂಪ್‌ಗೆ ಹಾಕಿದರು. ಮಿಷಿಗನ್‌ನಲ್ಲಿ ಟ್ರಂಪ್ ಗೆದ್ದ ಅಂತರ 10,704, ವಿಸ್ಕಾನ್ಸಿನ್‌ನಲ್ಲಿ 22,748, ಪೆನ್ಸಿಲ್ವೇನಿಯಾದಲ್ಲಿ 44,292. ಸಮೀಕ್ಷೆಯ ಅಂದಾಜನ್ನು ಒಪ್ಪಿದರೆ ಮೂರೂ ಕಡೆ ದಾಟಿದವರ ಸಂಖ್ಯೆ ಈ ಅಂತರಕ್ಕಿಂತ ದೊಡ್ಡದು. ಆದರೆ ದಾಟಿದವರು ಯಾರು ಎಂದು ಕೇಳಿದರೆ ಆರೋಪ ಸಡಿಲವಾಗುತ್ತದೆ. ಅವರಲ್ಲಿ 2012ರಲ್ಲಿ ಒಬಾಮಗೆ ಮತ ಹಾಕಿದ್ದವರು ಸುಮಾರು ಮೂರರಲ್ಲಿ ಒಬ್ಬರು ಮಾತ್ರ. ಹೆಚ್ಚಿನವರು ಡೆಮಾಕ್ರಟಿಕ್ ಪಕ್ಷದಿಂದ ಮೊದಲೇ ದೂರ ಸರಿದಿದ್ದವರು, ಅಥವಾ ಪಕ್ಷಕ್ಕೆ ಎಂದೂ ಸೇರದವರು. ರ‍್ಯಾಂಡ್ ಸಂಸ್ಥೆಯ ಸಮೀಕ್ಷೆಯಲ್ಲಂತೂ ದಾಟಿದವರ ಪ್ರಮಾಣ ಶೇ. 6ರ ಆಸುಪಾಸು. 2008ರಲ್ಲಿ ಕ್ಲಿಂಟನ್ ಬಣದಿಂದ ದಾಟಿದವರು ಇದಕ್ಕಿಂತ ಹೆಚ್ಚು, ಆದರೂ ಒಬಾಮ ಗೆದ್ದರು. ಹಾಗಾದರೆ ಸೋತ ಬಣದ ಕೆಲವರು ದಾಟುವುದು ಪ್ರತಿ ಚುನಾವಣೆಯ ಸಹಜ ಸಂಗತಿ. ಅದು ಫಲಿತಾಂಶವನ್ನು ತಿರುಗಿಸುವುದು ಅಂತರ ಕೂದಲೆಳೆಯಷ್ಟಿದ್ದಾಗ ಮಾತ್ರ, ಮತ್ತು ಅಷ್ಟು ಕಡಿಮೆ ಅಂತರಕ್ಕೆ ಕಾರಣಗಳು ಹತ್ತಾರು ಇರುತ್ತವೆ.

ಇದೇ ಪಾಠವನ್ನು ತಿರುಗಿಸಿ ಓದಿದರೆ ಎದುರು ಪಕ್ಷದ ಲೆಕ್ಕವೂ ತಪ್ಪುತ್ತದೆ. ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ವಿರುದ್ಧ ನಿಂತಿದ್ದ ನಿಕಿ ಹೇಲಿ 2024ರ ಮಾರ್ಚ್ 6ರಂದು ಕಣ ಬಿಟ್ಟರು. ಅದಾದ ಏಳು ವಾರಕ್ಕೆ ನಡೆದ ಪೆನ್ಸಿಲ್ವೇನಿಯಾ ಪ್ರೈಮರಿಯಲ್ಲೂ ಒಂದೂವರೆ ಲಕ್ಷಕ್ಕೂ ಹೆಚ್ಚು ರಿಪಬ್ಲಿಕನ್ನರು ಅವರಿಗೇ ಮತ ಹಾಕಿದರು. ಈ ಮತವೆಲ್ಲ ತಮ್ಮ ಬುಟ್ಟಿಗೆ ಬೀಳುತ್ತದೆ ಎಂದು ಡೆಮಾಕ್ರಟರು ಎದುರು ನೋಡಿದರು. ಜುಲೈನಲ್ಲಿ ಮಿಲ್ವಾಕಿ ಸಮಾವೇಶದಲ್ಲಿ ಹೇಲಿ ಟ್ರಂಪ್‌ಗೆ ಬೆಂಬಲ ಘೋಷಿಸಿದರು, ನವೆಂಬರಿನಲ್ಲಿ ಟ್ರಂಪ್ ಆ ರಾಜ್ಯವನ್ನು ಸುಮಾರು 1.2 ಲಕ್ಷ ಮತಗಳಿಂದ ಗೆದ್ದರು. ಹಾಗೆಂದು ನಾಯಕರು ಕೈ ತೋರಿಸಿದತ್ತ ಜನ ಹೋಗುತ್ತಾರೆ ಎಂದೂ ತಿಳಿಯಬಾರದು. ಕರ್ನಾಟಕದಲ್ಲೇ ನೋಡಿ, 2023ರ ವಿಧಾನಸಭಾ ಚುನಾವಣೆಯಲ್ಲಿ ಟಿಕೆಟ್ ತಪ್ಪಿ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಹೋದ ಇಬ್ಬರಲ್ಲಿ ಲಕ್ಷ್ಮಣ ಸವದಿಯವರನ್ನು ಅಥಣಿ ಗೆಲ್ಲಿಸಿತು, ಜಗದೀಶ ಶೆಟ್ಟರ್ ಅವರನ್ನು ಹುಬ್ಬಳ್ಳಿ ಸೋಲಿಸಿತು. ಮತದಾರ ತನ್ನ ಲೆಕ್ಕವನ್ನು ತಾನೇ ಹಾಕುತ್ತಾನೆ.

ನಮ್ಮ ನಾಡಿನ ನಂಟಿರುವ ಮತ್ತೊಂದು ಉದಾಹರಣೆ ಮಿಷಿಗನ್‌ನಲ್ಲೇ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು, ಸುಮಾರು 2 ಲಕ್ಷ ಮತ ಪಡೆದು ಮೂರನೆಯವರಾದರು. ಎರಡನೆಯವರು ಅಬ್ದುಲ್ ಎಲ್-ಸಯೀದ್. ಇಬ್ಬರನ್ನೂ ಸೋಲಿಸಿದ ಗ್ರೆಚೆನ್ ವಿಟ್ಮರ್ ನವೆಂಬರಿನಲ್ಲಿ ಶೇ. 53 ಮತ ಪಡೆದು ಗವರ್ನರ್ ಆದರು. ನಾಲ್ಕು ವರ್ಷದ ನಂತರ ಡೆಟ್ರಾಯಿಟ್ ಭಾಗದ ಸಂಸತ್ ಕ್ಷೇತ್ರದಲ್ಲಿ ಥಾನೇದಾರ್ ಪ್ರೈಮರಿ ಗೆದ್ದಾಗ ಅವರಿಗೆ ಸಿಕ್ಕಿದ್ದು ಶೇ. 28 ಮತವಷ್ಟೆ, ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಅವರು ಮೊದಲ ಆಯ್ಕೆಯಾಗಿರಲಿಲ್ಲ. ನವೆಂಬರಿನಲ್ಲಿ ಅವರು ಶೇ. 71 ಮತ ಪಡೆದರು. ಅದು ಡೆಮಾಕ್ರಟರ ಭದ್ರಕೋಟೆ ಎಂಬುದು ನಿಜ. ಆದರೆ ಭದ್ರಕೋಟೆ ಕಟ್ಟಿದವರು ಇನ್ನೊಬ್ಬರಿಗೆ ಮತ ಹಾಕಿ ಸೋತು, ಮತ್ತೆ ಮತಗಟ್ಟೆಗೆ ಬಂದ ಜನರೇ.

‘ಹೀಗೆ ಪ್ರತಿ ಸಲ ಬಂದು ಮತ ಹಾಕಿದರೆ ಪಕ್ಷ ನಮ್ಮನ್ನು ಕಾಲಕಸ ಮಾಡುತ್ತದೆ’ ಎಂಬುದು ಗಟ್ಟಿಯಾದ ಆಕ್ಷೇಪ. ಉತ್ತರ ಚೌಕಾಸಿಯ ಕಾಲದಲ್ಲಿದೆ. 2016ರ ಜುಲೈನಲ್ಲಿ ಸ್ಯಾಂಡರ್ಸ್ ಬೆಂಬಲ ಘೋಷಿಸುವ ಮೊದಲೇ, ವರ್ಷಕ್ಕೆ 1,25,000 ಡಾಲರ್‌ವರೆಗೆ ಆದಾಯವಿರುವ ಕುಟುಂಬದ ಮಕ್ಕಳಿಗೆ ತಮ್ಮ ರಾಜ್ಯದ ಸರ್ಕಾರಿ ಕಾಲೇಜಿನಲ್ಲಿ ಬೋಧನಾ ಶುಲ್ಕ ಇಲ್ಲದಂತೆ ಮಾಡುವ ಯೋಜನೆಯನ್ನು ಕ್ಲಿಂಟನ್ ಒಪ್ಪಿಕೊಂಡಿದ್ದರು. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಪಕ್ಷದ ಪ್ರಣಾಳಿಕೆ ಸೇರಿತು. 2020ರಲ್ಲಿ ಬೈಡನ್ ಮತ್ತು ಸ್ಯಾಂಡರ್ಸ್ ಬಣಗಳು ಆರು ಜಂಟಿ ಕಾರ್ಯಪಡೆಗಳಲ್ಲಿ ಕೂತು ನೀತಿ ರೂಪಿಸಿದವು. ಸೋತ ಬಣ ಗಟ್ಟಿಯಾಗಿ ಕೇಳಿದ್ದಕ್ಕೆ ಇವು ಸಿಕ್ಕವು. ಮನೆಯಲ್ಲಿ ಕೂತವರ ಮೌನಕ್ಕೆ ಹೀಗೆ ಬೆಲೆ ಸಿಗುವುದಿಲ್ಲ. ಮತ ಹಾಕದವನು ನೀತಿಯ ಮೇಲಿನ ಸಿಟ್ಟಿಗೆ ಹಾಕಲಿಲ್ಲವೋ, ಸೋಮಾರಿತನಕ್ಕೋ ಎಂದು ಎಣಿಕೆ ಮಾಡುವವರಿಗೆ ತಿಳಿಯುವುದಿಲ್ಲ. ಪಕ್ಷ ಅಂಥವರನ್ನು ಓಲೈಸುವ ಬದಲು ಪಟ್ಟಿಯಿಂದ ಬಿಟ್ಟು ಮುಂದೆ ಹೋಗುತ್ತದೆ.

‘ನನ್ನ ರಾಜ್ಯದ ಫಲಿತಾಂಶ ಮೊದಲೇ ಗೊತ್ತು, ನನ್ನೊಂದು ಮತದಿಂದ ಏನಾದೀತು’ ಎಂಬುದು ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸ್‌ನಲ್ಲೋ ಅಧ್ಯಕ್ಷ ಹುದ್ದೆಯ ಮಟ್ಟಿಗೆ ಇದು ಹೆಚ್ಚುಕಡಿಮೆ ಸರಿ ಇರಬಹುದು. ಆದರೆ ಅದೇ ಮತಪತ್ರದಲ್ಲಿ ಸಂಸತ್ ಸದಸ್ಯ, ರಾಜ್ಯ ಶಾಸಕ, ಶಾಲಾ ಮಂಡಳಿಯ ಹೆಸರುಗಳೂ ಇರುತ್ತವೆ. ನಿಮ್ಮ ಮಕ್ಕಳ ಶಾಲೆಯ ಬಜೆಟ್ಟನ್ನು ತೀರ್ಮಾನಿಸುವವರು ಅವರೇ.

ಗೆದ್ದ ಬಣದವರಿಗೂ ಒಂದು ಮಾತು: ಸೋತವರನ್ನು ಹಂಗಿಸಿ ಮತ ಗಳಿಸಿದವರಿಲ್ಲ. ಅವರ ಬೇಡಿಕೆಗಳಲ್ಲಿ ಎರಡನ್ನಾದರೂ ಒಪ್ಪಿ ಬರಹದಲ್ಲಿ ಕೊಡಿ, ಅವರ ಕಾರ್ಯಕರ್ತರನ್ನು ನಿಮ್ಮ ಕಚೇರಿಗೆ ಕರೆದು ಜವಾಬ್ದಾರಿ ಕೊಡಿ.

ಸೋತ ಅಭ್ಯರ್ಥಿಯ ಬೆಂಬಲಿಗರೇ, ನೀವು ಯಾವ ಪಕ್ಷದವರಾದರೂ ಸರಿ, ಪ್ರೈಮರಿ ಮುಗಿದ ವಾರವೇ ನಿಮ್ಮ ಬೇಡಿಕೆಗಳ ಪಟ್ಟಿ ಮಾಡಿ. ಗೆದ್ದವರ ಪ್ರಚಾರ ಕಚೇರಿಗೆ ಕಳುಹಿಸಿ, ಸಭೆಗಳಲ್ಲಿ ಎದ್ದು ನಿಂತು ಕೇಳಿ, ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳ ಬೆನ್ನು ಬಿಡಬೇಡಿ. ನವೆಂಬರಿನಲ್ಲಿ ಕಣದಲ್ಲಿ ಉಳಿದವರ ಪೈಕಿ ಆ ಪಟ್ಟಿಗೆ ಯಾರು ಹತ್ತಿರವೋ ಅವರಿಗೆ ಮತ ಹಾಕಿ. ಅದು ನಿಮ್ಮ ಪಕ್ಷದವರೇ ಆಗಬೇಕೆಂಬ ಕಟ್ಟಳೆಯಿಲ್ಲ. ಆದರೆ ಆ ತೀರ್ಮಾನ ಪಟ್ಟಿ ನೋಡಿ ಆಗಲಿ, ಸಿಟ್ಟಿನಿಂದ ಬೇಡ. ಪೌರತ್ವ ಪಡೆದ ಪ್ರತಿಯೊಬ್ಬ ಕನ್ನಡಿಗರೂ ಹೆಸರು ನೋಂದಾಯಿಸಿ, ತಪ್ಪದೆ ಮತ ಹಾಕಿ.